ತಾಯಿ ಮರಣ ಅಂದರೆ ಯಾವ ಸಾವು?

'ತಾಯಿ ಮರಣ' ಅಂದ ಕೂಡಲೇ ಹೆರಿಗೆ ಕೋಣೆಯಲ್ಲಿ ಆದ ಸಾವು ಕಣ್ಣ ಮುಂದೆ ಬರುತ್ತದೆ ಅಲ್ವಾ? ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಈ ಮಾತಿನ ಅರ್ಥ ಇನ್ನೂ ದೊಡ್ಡದು. ಬಸುರಿಯಿದ್ದಾಗ, ಹೆರಿಗೆಯಲ್ಲಿ, ಇಲ್ಲವೇ ಹೆರಿಗೆ ಅಥವಾ ಗರ್ಭಪಾತ ಆಗಿ 42 ದಿನದೊಳಗೆ, ಬಸಿರಿನಿಂದಲೋ ಬಸಿರಿನಿಂದಾಗಿ ಜಾಸ್ತಿಯಾದ ಕಾಯಿಲೆಯಿಂದಲೋ ಹೆಣ್ಣುಮಗಳು ತೀರಿಕೊಂಡರೆ ಅದು ತಾಯಿ ಮರಣ. ರಸ್ತೆ ಅಪಘಾತದಂಥ ಸಾವು ಇದರಲ್ಲಿ ಸೇರುವುದಿಲ್ಲ.

ಆ 42 ದಿನವೇ ನಮ್ಮ ಯಾದಗಿರಿ ಕಡೆ ಕೈತಪ್ಪುವುದು. ಶಹಾಪುರ ತಾಲ್ಲೂಕಿನ ಗಂಡನ ಮನೆಯಲ್ಲಿ ತಾಯಿ ಕಾರ್ಡ್ (ಬಸುರಿಯ ತಪಾಸಣೆ ವಿವರ ಬರೆಯುವ ಕಾರ್ಡ್) ಮಾಡಿಸಿದ ಒಬ್ಬ ಹುಡುಗಿ ಅಂದುಕೊಳ್ಳಿ. ಚೊಚ್ಚಲು. ಹೆರಿಗೆಗೆ ಸುರಪುರ ಕಡೆಯ ತವರಿಗೆ ಹೋದಳು. ಆಸ್ಪತ್ರೆಯಲ್ಲಿ ಎಲ್ಲ ಸಸೂತ್ರ ಆಯ್ತು. ಹನ್ನೆರಡನೇ ದಿನ ಚಳಿಜ್ವರ. ಗಾಳಿ ಸೋಕಿದೆ ಎಂದು ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟರು. ಒಳಗೆ ನಂಜು ಏರುತ್ತಿತ್ತು. ಹುಡುಗಿ ಉಳಿಯಲಿಲ್ಲ. ಈಗ ಈ ಸಾವನ್ನು ಬರೆದುಕೊಳ್ಳುವವರು ಯಾರು? ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಾಲಿಗೆ ಅವಳು ತವರಿಗೆ ಹೋದವಳು. ತವರೂರಿನ ಆಶಾ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ. ದುಡಿಯಲು ಪುಣೆ, ಬೆಂಗಳೂರಿಗೆ ಹೋದವರದಂತೂ ಇನ್ನೂ ಕಷ್ಟ. ತಾಯಿ ಕಾರ್ಡನ್ನು ಸೀರೆಗಳ ಜೊತೆ ಚೀಲಕ್ಕೆ ಹಾಕಿ ಕಳಿಸಿ ಅನ್ನುವುದು ಇದಕ್ಕೇ.

1 ಲಕ್ಷ ಜೀವಂತ ಜನನಕ್ಕೆ ಇಂಥ ಸಾವು ಎಷ್ಟು ಅನ್ನುವುದೇ ತಾಯಿ ಮರಣ ಪ್ರಮಾಣ. 2018-20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಕರ್ನಾಟಕಕ್ಕೆ 69, ದೇಶಕ್ಕೆ 97 ಇತ್ತು. ಮೂರು ವರ್ಷದ ಲೆಕ್ಕ ಕೂಡಿಸಿ ರಾಜ್ಯಕ್ಕೊಂದು ಅಂಕಿ ಕೊಡುತ್ತಾರೆ. ಆ 69ರಲ್ಲಿ ಯಾದಗಿರಿಯ ಪಾಲು ಎಷ್ಟು ಅಂತ ಕಾಣುವುದಿಲ್ಲ.

ಹಾಗಾಗಿ ಜಿಲ್ಲೆಗೆ ನಿಜವಾದ ದಾರಿ ಒಂದೊಂದು ಸಾವನ್ನೂ ಕೂತು ವಿಚಾರಿಸುವುದು. ಇದಕ್ಕೆ ತಾಯಿ ಮರಣ ಪರಿಶೀಲನೆ ಅನ್ನುತ್ತಾರೆ. ಜ್ವರ ಯಾವಾಗ ಬಂತು? ಆಸ್ಪತ್ರೆಗೆ ಹೋಗೋಣ ಎಂದವರು ಯಾರು, ಬೇಡ ಎಂದವರು ಯಾರು? ಗಾಡಿ ಎಷ್ಟು ಹೊತ್ತಿಗೆ ಬಂತು? ಎಲ್ಲಿಂದ ಎಲ್ಲಿಗೆ ರೆಫರ್ ಮಾಡಿದರು? ರಕ್ತ ಸಿಕ್ಕಿತ್ತಾ? ಮನೆಯಲ್ಲಿ, ದಾರಿಯಲ್ಲಿ, ಆಸ್ಪತ್ರೆಯಲ್ಲಿ ಆಗುವ ತಡಗಳನ್ನು 'ಮೂರು ವಿಳಂಬ' ಅನ್ನುತ್ತಾರೆ. ಈ ಉತ್ತರಗಳನ್ನು ಬರೆದ ಹಾಳೆ ಹಾಳೆಯಲ್ಲೂ ರಕ್ತಕ್ಕೇ ತಡವಾಗಿದ್ದು ಕಂಡರೆ, ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ ಇಡಲು ಕೇಳಬಹುದು.

ಆ ಹಾಳೆಯಲ್ಲಿ ವಯಸ್ಸಿನ ಕಾಲಂ ಒಂದಿದೆ. ಬಾಲ್ಯವಿವಾಹದ ಕೇಸಿನ ಭಯಕ್ಕೆ ಮನೆಯವರು ಹದಿನಾರರ ಹುಡುಗಿಗೆ ಹತ್ತೊಂಬತ್ತು ಎಂದು ಬರೆಸಿದರೆ, ಎಳೇ ವಯಸ್ಸಿನ ಬಸಿರು ಲೆಕ್ಕದಿಂದಲೇ ಮಾಯ. ಅವಳ ತಂಗಿಯ ಮದುವೆ ಮಾತು ಶುರುವಾದಾಗ ಯಾರಿಗೂ ಸುಳಿವು ಸಿಗುವುದಿಲ್ಲ.