ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಯಾಕೆ ಹೊಳ್ಳುತ್ತದೆ?

ಪ್ರಶ್ನೆ: "ಹೋದ ವರ್ಷ ಎಡಗಾಲು ಉಳುಕಿತ್ತು. ಬಾವು ಇಳೀತು, ನೋವೂ ಹೋಯ್ತು. ಆದ್ರ ಅದೇ ಕಾಲು ಮತ್ತ ಮತ್ತ ಹೊಳ್ಳತದ. ಎಲುಬು ಏನರೆ ಸರದದೇನು? ತಿಕ್ಕೋರ ಹಂತ್ಯಾಕ ಹೋಗಲೇನು?"
– ಸೇಡಂ ಕಡೆಯ ಓದುಗರು

ಎಲುಬು ಸರಿದಿರಲಿಕ್ಕಿಲ್ಲ. ಸರಿದಿದ್ದರೆ ವರ್ಷವಿಡೀ ಆ ಕಾಲೂರಿ ಓಡಾಡಲು ಆಗುತ್ತಿರಲಿಲ್ಲ. ಬಾವು ಇಳಿದದ್ದನ್ನೇ ವಾಸಿಯಾದದ್ದು ಅಂದುಕೊಂಡು ಅರ್ಧಕ್ಕೇ ಬಿಟ್ಟ ಕಾಲು ಹೀಗೆ ಮಾಡುತ್ತದೆ.

ಕಾಲು ಹೆಚ್ಚಾಗಿ ಹೊಳ್ಳುವುದು ಒಳಕ್ಕೆ. ಅಂಗಾಲು ಒಳಮುಖವಾಗಿ ಮಡಚಿ, ಮೈಭಾರವೆಲ್ಲ ಹರಡಿನ (ಕಾಲು-ಪಾದ ಕೂಡುವ ಕೀಲಿನ) ಹೊರಬದಿಗೆ ಬೀಳುತ್ತದೆ. ಅಲ್ಲಿ ಎಲುಬಿಗೆ ಎಲುಬು ಹಿಡಿದಿಡುವ ಮೂರು ಲಿಗಮೆಂಟ್‌ಗಳಿವೆ. ಮುಂದಿನದು ಮೂರರಲ್ಲಿ ದುರ್ಬಲ, ಮೊದಲು ಹರಿಯುವುದೂ ಅದೇ. ನಮ್ಮ ಯರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಇದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ನನ್ನ ಕಾಲು ಹೊಳ್ಳಿದ್ದು ಚಿತ್ತಾಪುರದ ಹತ್ತಿರ, ತೊಗರಿ ಕೊಯ್ಲಿನ ಹೊತ್ತಿಗೆ. ಆಗ ನೆಲ ಬಿರಿದಿರುತ್ತದೆ, ಉದುರಿದ ತೊಗರಿ ಎಲೆ ಬಿರುಕಿನ ಬಾಯಿ ಮುಚ್ಚಿರುತ್ತದೆ. ಪಾದದ ಹೊರಅಂಚು ಅದರೊಳಗೆ ಇಳಿಯಿತು, ಟಪ್ ಅಂತ ಸದ್ದು. ಸಂಜೆಗೆ ಹರಡಿನ ಮುಂದೆ ನಿಂಬೆಹಣ್ಣಿನಷ್ಟು ಬಾವು. ಮರುದಿನ ಹಿಮ್ಮಡದ ಪಕ್ಕ, ನೋವೇ ಇಲ್ಲದ ಜಾಗದಲ್ಲಿ, ಕರಿನೀಲಿ ಗೆರೆ ಮೂಡಿದ್ದು ನೋಡಿ ಮನೆಯವರಿಗೆ ಗಾಬರಿ. ಹರಿದಲ್ಲಿ ಒಸರಿದ ರಕ್ತ ಕೆಳಕ್ಕೆ ಇಳಿದು ನಿಲ್ಲುತ್ತದೆ, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ. ಲಿಗಮೆಂಟ್ ಎಲುಬನ್ನು ಹಿಡಿದಿಡುವುದಷ್ಟೇ ಅಲ್ಲ, ಪಾದ ಎಷ್ಟು ವಾಲಿದೆ ಎಂಬ ಸುದ್ದಿಯನ್ನೂ ಮಿದುಳಿಗೆ ಕಳಿಸುತ್ತಿರುತ್ತದೆ. ಅದಕ್ಕೆಂದೇ ಒಳಗೆ ನರದ ತುದಿಗಳಿವೆ. ಸುದ್ದಿ ಮುಟ್ಟಿದ ಕೂಡಲೇ ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸ್ನಾಯುಗಳು ಪಾದವನ್ನು ಎಳೆದು ನೆಟ್ಟಗೆ ಮಾಡುತ್ತವೆ. ಲಿಗಮೆಂಟ್ ಹರಿದಾಗ ಆ ಸುದ್ದಿ ತಡವಾಗುತ್ತದೆ, ಕಾಲೂರದೆ ಕೂತ ದಿನಗಳಲ್ಲಿ ಸ್ನಾಯುವೂ ಸೋತಿರುತ್ತದೆ. ಬಾವು ಇಳಿಯಲು ಒಂದೆರಡು ವಾರ ಸಾಕು. ಲಿಗಮೆಂಟ್ ಗಟ್ಟಿಯಾಗಲು 6 ವಾರದಿಂದ 3 ತಿಂಗಳು ಬೇಕು, ಒಮ್ಮೊಮ್ಮೆ ಇನ್ನೂ ಹೆಚ್ಚು. ಸಮತೋಲವನ್ನಂತೂ ಕಾಲಿಗೆ ಹೊಸದಾಗಿ ಕಲಿಸಬೇಕು. ಬ್ರಿಟನ್ನಿನ ಮೂಳೆ ಶಸ್ತ್ರವೈದ್ಯ ಮೈಕೆಲ್ ಫ್ರೀಮನ್ 1965ರಲ್ಲೇ ಇದನ್ನು ಹೇಳಿ, ವಾಲುವ ಹಲಗೆಯ ಮೇಲೆ ನಿಲ್ಲುವ ತಾಲೀಮು ಸೂಚಿಸಿದ್ದರು.

ನಮಗೆ ಹಲಗೆ ಯಾಕೆ, ಮನೆಯ ಶಹಾಬಾದ್ ಫರಸಿ ನೆಲವೇ ಸಾಕು. ಗೋಡೆಯ ಪಕ್ಕ ಬರಿಗಾಲಲ್ಲಿ ಮೊದಲು ಬಲಗಾಲ ಮೇಲೆ ನಿಲ್ಲಿ, ಆಮೇಲೆ ಎಡಗಾಲ ಮೇಲೆ. ಪಾದವನ್ನೇ ನೋಡಿ: ಉಳುಕಿದ ಕಾಲಿನ ಬೆರಳುಗಳು ನೆಲವನ್ನು ಕಚ್ಚಿ ಹಿಡಿಯಲು ನೋಡುತ್ತವೆ, ಹರಡಿನ ಮುಂದಿನ ನರದಂಥ ಸ್ನಾಯುದಾರಗಳು ಪಟಪಟ ಕುಣಿಯುತ್ತವೆ. ಕಣ್ಣು ಮುಚ್ಚಿದರೆ ಎರಡು ಕಾಲಿನ ವ್ಯತ್ಯಾಸ ಪೂರಾ ಗೊತ್ತಾಗುತ್ತದೆ. ಪರೀಕ್ಷೆಯೂ ಇದೇ, ಔಷಧಿಯೂ ಇದೇ. ದಿನಾ ಹಲ್ಲುಜ್ಜುವಾಗ ಹೀಗೆ ನಿಂತರೆ ಬೇರೆ ಹೊತ್ತು ಹುಡುಕಬೇಕಿಲ್ಲ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡ ಎತ್ತಿ ಇಳಿಸುವುದು, ಪಾದಕ್ಕೆ ಟವೆಲ್ ಸುತ್ತಿ ಹೊರಕ್ಕೆ ತಳ್ಳುವುದು. ಎರಡು-ಮೂರು ತಿಂಗಳು ಬಿಡದೆ ಮಾಡಬೇಕು. ಬೇಸರ ಬರುವ ಕೆಲಸ, ನಿಜ.

ತಿಕ್ಕಿಸುವುದು? ಹೊಸದಾಗಿ ಹೊಳ್ಳಿದ 2–3 ದಿನ ತಿಕ್ಕುವುದೂ ಬೇಡ, ಬಿಸಿ ಕಾವೂ ಬೇಡ, ಬಾವು ಹೆಚ್ಚುತ್ತದೆ. ನಿಮ್ಮದು ಹಳೆಯದು, ಮೆಲ್ಲಗೆ ಎಣ್ಣೆ ಹಚ್ಚಿ ನೀವಿಸಿಕೊಂಡರೆ ಹಿತ ಅನಿಸಬಹುದು, ಸಮತೋಲವಂತೂ ಬರುವುದಿಲ್ಲ. "ಕೀಲು ಕೂಡಸ್ತೀನಿ" ಅಂತ ಪಾದ ಹಿಡಿದು ತಿರುವುವವರ ಕೈಗೆ ಮಾತ್ರ ಕಾಲು ಕೊಡಬೇಡಿ. ಅರಿಶಿನ-ಸುಣ್ಣದ ಪಟ್ಟಿನಿಂದ ಗುಣವಾಯಿತು ಅನ್ನುವವರು ನಮ್ಮ ಓಣಿಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಗುಣ ಮಾಡಿದ್ದು ಪಟ್ಟಿನ ನೆಪದಲ್ಲಿ ಕಾಲಿಗೆ ಸಿಕ್ಕ ವಿಶ್ರಾಂತಿ ಅಂತ ನನ್ನ ಅಂದಾಜು. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ.

ಎಕ್ಸ್‌ರೇ ಬೇಕೋ ಬೇಡವೋ ಅನ್ನುವುದಕ್ಕೆ ಕೆನಡಾದ ಒಟ್ಟಾವಾ ವೈದ್ಯರು 1992ರಲ್ಲಿ ಕೊಟ್ಟ ನಿಯಮ ಇವತ್ತಿಗೂ ನಡೆಯುತ್ತದೆ. ಹೊಳ್ಳಿದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ 4 ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಉಬ್ಬಿದ ಎಲುಬಿನ ತುದಿ ಇಲ್ಲವೇ ಹಿಂದಿನ ಅಂಚು ಒತ್ತಿದರೆ ನೋವಿದ್ದರೆ ತೆಗೆಸಬೇಕು. ಪಾದದ ಹೊರಅಂಚಿನ ನಡುವಿನ ಉಬ್ಬು, ಒಳಬದಿಯ ಕಮಾನಿನ ಮೇಲಿನ ಎಲುಬು ಒತ್ತಿದಾಗ ನೋವಾದರೂ ಹಾಗೆಯೇ.

ತಾಲೀಮು ಮುಗಿಯುವವರೆಗೆ ಹೊಲಕ್ಕೆ, ವಾಲಿಬಾಲಿಗೆ ಹೋಗುವಾಗ ಆಂಕಲ್ ಬ್ರೇಸ್ ಕಟ್ಟಿಕೊಳ್ಳಿ, ಹೊರಅಂಚು ಸವೆದ ಚಪ್ಪಲಿ ಬಿಸಾಡಿ. ಮೂರು ತಿಂಗಳು ನಿಷ್ಠೆಯಿಂದ ತಾಲೀಮು ಮಾಡಿದ ಮೇಲೂ ಕಾಲು ಕೈಕೊಟ್ಟರೆ, ಅಥವಾ ಕೀಲಿನೊಳಗೆ ಏನೋ ಸಿಕ್ಕಿಕೊಂಡಂತೆ ಆದರೆ, ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ. ಒಳಗಿನ ಮೃದ್ವಸ್ಥಿಗೆ ಪೆಟ್ಟಾಗಿದೆಯೇ ಎಂದು ಅವರು ಎಂಆರ್‌ಐ ಬರೆದುಕೊಡಬಹುದು. ಲಿಗಮೆಂಟ್ ಹೊಲಿಯುವ ಶಸ್ತ್ರಚಿಕಿತ್ಸೆಯೂ ಇದೆ, ಅದರ ಸರದಿ ಬರುವುದು ಕೆಲವರಿಗಷ್ಟೇ.