ಲೆನಾರ್ಡ್ ಮಾಂಬೊ ಎಂಬೊಟೆಲಾ: ದಂಗೆಯ ಸೈನಿಕರು ಹುಡುಕಿಕೊಂಡು ಬಂದ ದನಿ

1982ರ ಆಗಸ್ಟ್ 1, ಭಾನುವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಕೀನ್ಯಾದ ವಾಯುಪಡೆಯ ಕೆಲವು ಸೈನಿಕರು ದಂಗೆ ಎದ್ದಿದ್ದರು. ನೈರೋಬಿಯ ರೇಡಿಯೋ ಕೇಂದ್ರ ಆಗಲೇ ಅವರ ಕೈಗೆ ಬಂದಿತ್ತು. ಮೈಕ್ ಇತ್ತು, ಹೇಳಬೇಕಾದ ಮಾತೂ ಸಿದ್ಧವಿತ್ತು. ಆದರೂ ಅವರು ಬಂದೂಕು ಹಿಡಿದು ಒಬ್ಬ ರೇಡಿಯೋ ನೌಕರರ ಮನೆಗೆ ಹೋದರು, ನಿದ್ದೆಯಿಂದ ಎಬ್ಬಿಸಿ ಕರೆತಂದರು. ಆ ನೌಕರರು ಫುಟ್‌ಬಾಲ್ ವೀಕ್ಷಕ ವಿವರಣೆಗೆ ಹೆಸರಾದವರು.

ಮೈಕ್ ಕೈಲಿದ್ದವರು ತಾವೇ ಓದಬಹುದಿತ್ತು, ಅಲ್ವಾ? ಇವರೇ ಯಾಕೆ ಬೇಕಾದರು? ಪ್ರಸಾರ ಮಾಧ್ಯಮ ಓದುತ್ತಿರುವ ನಾವು ಎಂಬೊಟೆಲಾ ಅವರ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಒಳ್ಳೆಯದು. ಬರೀ ಇಸವಿಗಳನ್ನು ಬಾಯಿಪಾಠ ಮಾಡಿದರೆ ಏನೂ ಉಳಿಯುವುದಿಲ್ಲ.

ಹುಟ್ಟಿದ್ದು 1940ರ ಮೇ 29ರಂದು, ಮೊಂಬಾಸಾದಲ್ಲಿ. ಮನೆತನದ ಬೇರು ಅಲ್ಲಿನ ಫ್ರೇರ್ ಟೌನ್ ಎಂಬ ಜಾಗದ್ದು. ಈ ಊರಿನ ಕಥೆ ಸ್ವಲ್ಪ ತಿಳಿದಿರಬೇಕು. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಿಂದ ಬಿಡಿಸಿಕೊಂಡ ಜನರಿಗಾಗಿ 1870ರ ದಶಕದಲ್ಲಿ ಮಿಷನರಿಗಳು ಕಟ್ಟಿದ ಊರು ಇದು. ಹೆಸರು ಬಂದದ್ದು ಬಾರ್ಟಲ್ ಫ್ರೇರ್‌ನಿಂದ. ಹಿಂದೆ ಬಾಂಬೆ ಪ್ರಾಂತ್ಯದ ಗವರ್ನರ್ ಆಗಿದ್ದವನು ಅವನೇ. ಬಿಡುಗಡೆಯಾದ ಎಷ್ಟೋ ಆಫ್ರಿಕನ್ ಮಕ್ಕಳು ನಾಸಿಕದಲ್ಲಿ ಓದಿ ಬೆಳೆದು, ಆಮೇಲೆ ಇಲ್ಲಿಗೆ ಬಂದು ನೆಲೆಸಿದರು. ಅವರಿಗೆ ‘ಬಾಂಬೆ ಆಫ್ರಿಕನ್ನರು’ ಎಂದೇ ಹೆಸರು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರೀಕರನ್ನು ಹೊತ್ತು ತಂದದ್ದೂ ಇದೇ ಸಮುದ್ರ. ಅದಕ್ಕೇ ಈ ಕಥೆ ನನಗೆ ತೀರಾ ದೂರದ್ದು ಅನಿಸಲಿಲ್ಲ.

ಫ್ರೇರ್ ಟೌನ್‌ನಲ್ಲಿ ಒಂದು ಗಂಟೆ ಇದೆ. ಗುಲಾಮರನ್ನು ಹಿಡಿಯುವವರು ಬಂದರೆ ಬಾರಿಸಿ ಎಚ್ಚರಿಸುವುದಕ್ಕೆ ಇಟ್ಟದ್ದು. ಆ ಜಾಗವನ್ನು ಈಗಲೂ ‘ಕೆಂಗೆಲೆನಿ’, ಅಂದರೆ ಗಂಟೆ ಇರುವ ಕಡೆ, ಅಂತಲೇ ಕರೆಯುತ್ತಾರೆ. ಎಂಬೊಟೆಲಾ ಅವರದು ಹೀಗೆ ಬಿಡುಗಡೆಯಾದವರ ವಂಶ. ತಂದೆ ಜೇಮ್ಸ್ ಜುಮಾ ಎಂಬೊಟೆಲಾ ಈ ಜನರ ಕಥೆಯನ್ನು ಸ್ವಾಹಿಲಿಯಲ್ಲಿ ಬರೆದರು. ‘ಉಹುರು ವಾ ವಾತುಮ್ವಾ’, ಗುಲಾಮರ ಬಿಡುಗಡೆ ಅಂತ ಆ ಪುಸ್ತಕದ ಹೆಸರು. 1930ರ ದಶಕದಲ್ಲಿ ಅಚ್ಚಾಯಿತು. ‘ವಾತುಮ್ವಾ’ ಅನ್ನುವ ಪದ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹೆಸರಿನ ಬಗ್ಗೆ ಒಂದು ಸಣ್ಣ ಮಾತು. ಸ್ವಾಹಿಲಿಯಲ್ಲಿ ‘ಮಾಂಬೊ’ ಅಂದರೆ ಸಂಗತಿಗಳು, ವಿಚಾರಗಳು. ಈಗಿನ ಹುಡುಗರು ಎದುರಾದಾಗ ‘ಮಾಂಬೊ?’ ಅಂತಾರೆ, ನಾವು ‘ಏನ್ ಸಮಾಚಾರ?’ ಅಂದ ಹಾಗೆ. ಸುದ್ದಿ ಓದುವವರಿಗೆ ಇದಕ್ಕಿಂತ ಹೊಂದುವ ಹೆಸರು ಸಿಕ್ಕೀತೇ!

ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರ್ 12ರಂದು. ಮರು ವರ್ಷ ರೇಡಿಯೋ ಸರ್ಕಾರದ ಕೈಗೆ ಬಂದು ‘ವಾಯ್ಸ್ ಆಫ್ ಕೀನ್ಯಾ’ ಆಯಿತು. ಎಂಬೊಟೆಲಾ ಸೇರಿದ್ದು ಅದೇ 1964ರಲ್ಲಿ. 1989ರಲ್ಲಿ ಸಂಸ್ಥೆಯ ಹೆಸರು ಕೀನ್ಯಾ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಎಂದು ಬದಲಾಯಿತು. ಹೆಸರು ಬದಲಾದರೂ ದನಿ ಅದೇ ಉಳಿಯಿತು. ಸುದ್ದಿ, ರಾಷ್ಟ್ರೀಯ ದಿನಾಚರಣೆಗಳ ವಿವರಣೆ, ಎಲ್ಲವನ್ನೂ ಮಾಡಿದರು. ಆದರೆ ಜನ ಅವರನ್ನು ಮನೆಯವರಂತೆ ಕಂಡದ್ದು ಫುಟ್‌ಬಾಲ್‌ನಿಂದ.

ರೇಡಿಯೋ ಫುಟ್‌ಬಾಲ್ ಕ್ರಿಕೆಟ್‌ಗಿಂತ ಕಷ್ಟ. ಕ್ರಿಕೆಟ್‌ನಲ್ಲಿ ಎರಡು ಎಸೆತಗಳ ನಡುವೆ ಉಸಿರಾಡಬಹುದು, ಪಾರಿವಾಳದ ಬಗ್ಗೆ ಬೇಕಾದರೂ ಮಾತಾಡಬಹುದು. ಫುಟ್‌ಬಾಲ್‌ನಲ್ಲಿ ಚೆಂಡು ನಿಲ್ಲುವುದೇ ಇಲ್ಲ. ಚೆಂಡು ಯಾರ ಕಾಲಲ್ಲಿದೆ, ಮೈದಾನದ ಯಾವ ಕಡೆ ಇದೆ, ಗೋಲಿಗೆ ಎಷ್ಟು ಹತ್ತಿರ, ಈ ಮೂರನ್ನೂ ಒಟ್ಟಿಗೆ ಹೇಳಬೇಕು. ಈಗಷ್ಟೇ ರೇಡಿಯೋ ಹಚ್ಚಿದವನಿಗೆ ಸ್ಕೋರನ್ನೂ ಮತ್ತೆ ಮತ್ತೆ ಹೇಳಬೇಕು.

ಇಲ್ಲಿ ಭಾಷೆ ಅವರ ಕೈಹಿಡಿಯಿತು ಅನ್ನುವುದು ನನ್ನ ಲೆಕ್ಕಾಚಾರ. ಸ್ವಾಹಿಲಿ ಕ್ರಿಯಾಪದ ನೋಡಿ. ‘ಪಿಗಾ’ ಅಂದರೆ ಹೊಡೆ. ‘ಅತಪಿಗಾ’ ಅಂದರೆ ಮುಂದೆ ಹೊಡೆಯುತ್ತಾನೆ. ‘ಅನಪಿಗಾ’, ಈಗ ಹೊಡೆಯುತ್ತಿದ್ದಾನೆ. ‘ಅಮೆಪಿಗಾ’, ಹೊಡೆದಾಯಿತು. ಶುರುವಿನ ‘ಅ’ ಅಂದರೆ ಅವನು. ನಡುವಿನ ಒಂದೇ ಅಕ್ಷರ ಬದಲಾದರೆ ಸಾಕು, ಕಾಲ ಬದಲಾಗುತ್ತದೆ. ಅದೂ ಸಾಮಾನ್ಯವಾಗಿ ಚೆಂಡು ಅನ್ನುವ ಮಾತಿಗಿಂತ ಮೊದಲೇ ಕ್ರಿಯೆ ಬಂದುಬಿಡುತ್ತದೆ. ಕನ್ನಡದಲ್ಲಿ ‘ಚೆಂಡನ್ನು ಎಡಗಾಲಿನಿಂದ ಬಲಮೂಲೆಗೆ...’ ಅಂದರೆ ಕೇಳುಗ ಕೊನೆಯ ಪದಕ್ಕೆ ಕಾಯಬೇಕು. ಮೇಲಾಗಿ ನಮ್ಮ ‘ಹೊಡೆಯುತ್ತಾನೆ’ ಇವತ್ತಿಗೂ ಆಗುತ್ತದೆ, ನಾಳೆಗೂ ಆಗುತ್ತದೆ. ಕನ್ನಡದಲ್ಲಿ ಫುಟ್‌ಬಾಲ್ ಕಾಮೆಂಟರಿ ಮಾಡಲು ಹೊರಟವರು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ತೊಡಕು ಗೊತ್ತಾಗುತ್ತದೆ. (ಪರೀಕ್ಷೆಗೆ ಇದು ಬರೋದಿಲ್ಲ. ಆದರೂ ಬರೆದಿಟ್ಟುಕೊಳ್ಳಿ.)

ಇನ್ನೊಂದು ವಿಚಾರ. ಕೀನ್ಯಾದಲ್ಲಿ ನಲವತ್ತಕ್ಕೂ ಹೆಚ್ಚು ಭಾಷೆಗಳಿವೆ. ಕ್ಲಬ್ ಫುಟ್‌ಬಾಲ್ ಅಲ್ಲಿ ಸಮುದಾಯಗಳ ಜೊತೆ ಹೆಣೆದುಕೊಂಡಿದೆ. ಗೋರ್ ಮಾಹಿಯಾ ತಂಡದ ಹಿಂದೆ ಲುವೋ ಜನ, ಎಎಫ್‌ಸಿ ಲೆಪರ್ಡ್ಸ್ ಹಿಂದೆ ಲುಹ್ಯಾ ಜನ. ಇವರ ಪಂದ್ಯಕ್ಕೆ ‘ಮಶೆಮೆಜಿ’ ಡರ್ಬಿ ಅಂತಾರೆ. ಭಾವ-ಮೈದುನರ ಪಂದ್ಯ ಅಂತ ಅರ್ಥ. ಹೆಸರು ಕೇಳಿದರೆ ನಗು ಬರುತ್ತದೆ, ಆದರೆ ಜಿದ್ದು ಸಣ್ಣದಲ್ಲ. ಕರಾವಳಿಯಿಂದ ಬಂದ, ಸ್ವಾಹಿಲಿ ಮಾತಾಡುವ ಎಂಬೊಟೆಲಾ ಇಬ್ಬರಲ್ಲಿ ಯಾರ ಮನೆಯವರೂ ಆಗಿರಲಿಲ್ಲ. ನಂಬಿಕೆ ಬೆಳೆಯಲು ಇದೂ ಒಂದು ಕಾರಣ ಇರಬೇಕು.

ಕಾಲವೂ ಒಳ್ಳೆಯದಿತ್ತು. 1981, 82, 83, ಸತತ ಮೂರು ವರ್ಷ ಕೀನ್ಯಾ ಪೂರ್ವ ಮತ್ತು ಮಧ್ಯ ಆಫ್ರಿಕಾದ ದೇಶಗಳ ಸೆಕಾಫಾ ಕಪ್ ಗೆದ್ದಿತು. 1987ರಲ್ಲಿ ಗೋರ್ ಮಾಹಿಯಾ ಟುನೀಶಿಯಾದ ಎಸ್ಪೆರಾನ್ಸ್ ವಿರುದ್ಧ ಅಲ್ಲಿ 2-2, ನೈರೋಬಿಯಲ್ಲಿ 1-1 ಮಾಡಿಕೊಂಡು, ಎದುರಾಳಿ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಆಫ್ರಿಕನ್ ಕಪ್ ವಿನ್ನರ್ಸ್ ಕಪ್ ಎತ್ತಿತು. ಟಿವಿ ಎಲ್ಲರ ಮನೆಯಲ್ಲೂ ಇರಲಿಲ್ಲ. ಹಳ್ಳಿಯವರ ಪಾಲಿಗೆ ಪಂದ್ಯ ಅಂದರೆ ರೇಡಿಯೋದಲ್ಲಿ ಕೇಳಿದ್ದೇ.

ಈಗ 1982ಕ್ಕೆ ವಾಪಸ್ ಹೋಗೋಣ. ದಂಗೆಯ ಮುಂದಾಳು ಹೆಜೆಕಾಯಾ ಒಚುಕಾ, ವಾಯುಪಡೆಯಲ್ಲಿ ಕೆಳಹಂತದ ಸೈನಿಕ. ಅವನ ದನಿಯನ್ನು ಯಾರೂ ಕೇಳಿರಲಿಲ್ಲ. ಅದೇ ದನಿ ‘ಸರ್ಕಾರ ಬಿದ್ದಿದೆ’ ಅಂದಿದ್ದರೆ ಜನ ಯಾರೋ ಕುಡುಕ ಮೈಕ್ ಹಿಡಿದಿದ್ದಾನೆ ಅಂದುಕೊಳ್ಳುತ್ತಿದ್ದರು. ಹಾಗಾಗಿ ಹತ್ತಾರು ವರ್ಷ ಗೋಲು ಅಂದಾಗ ಗೋಲೇ ಆಗಿದ್ದ ದನಿ ಬೇಕಾಯಿತು. ಎಂಬೊಟೆಲಾ ಬಂದೂಕಿನ ಎದುರು ಕೂತು, ಅಧ್ಯಕ್ಷ ಮೋಯಿ ಅವರ ಸರ್ಕಾರ ಉರುಳಿದೆ ಎಂದು ಸ್ವಾಹಿಲಿಯಲ್ಲಿ ಹೇಳಿದರು. ಕೆಲವೇ ಗಂಟೆಗಳಲ್ಲಿ ಜನರಲ್ ಮಹಮೂದ್ ಮೊಹಮದ್ ಅವರ ಪಡೆ ಕೇಂದ್ರವನ್ನು ವಾಪಸ್ ಪಡೆಯಿತು. ಆಗ ಸರ್ಕಾರ ಉಳಿದಿದೆ ಎಂದು ಸಾರಿದ್ದೂ ಇವರೇ. ಒಂದೇ ದಿನ, ಒಂದೇ ಬಾಯಿ, ಎರಡು ಸುದ್ದಿ. ಒಚುಕಾ ಟಾಂಜಾನಿಯಾಕ್ಕೆ ಓಡಿಹೋದ. ಅವನನ್ನು ವಾಪಸ್ ತಂದು 1987ರಲ್ಲಿ ಗಲ್ಲಿಗೇರಿಸಿದರು. ಎಂಬೊಟೆಲಾ ಮತ್ತೆ ಮೈಕ್ ಮುಂದೆ ಕೂತರು.

ಅವರ ಅತಿ ದೀರ್ಘ ಕೆಲಸ ಮಾತ್ರ ಆಟದ್ದಲ್ಲ. 1966ರಲ್ಲಿ ಶುರುವಾದ ಒಂದು ಪುಟ್ಟ ಕಾರ್ಯಕ್ರಮ, ‘ಜೆ, ಹೂ ನಿ ಉಂಗ್ವಾನಾ?’. ‘ಇದು ಸಭ್ಯತೆಯೇ?’ ಅಂತ ಅರ್ಥ. ದಿನನಿತ್ಯ ಕಾಣುವ ಒಂದು ಕೆಟ್ಟ ನಡವಳಿಕೆಯನ್ನು ಬಣ್ಣಿಸುವುದು, ಆಮೇಲೆ ಈ ಪ್ರಶ್ನೆ ಕೇಳುವುದು. ಅಷ್ಟೇ. ಅರ್ಧ ಶತಮಾನಕ್ಕೂ ಜಾಸ್ತಿ ನಡೆಯಿತು. 2025ರ ಫೆಬ್ರವರಿ 7ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಎಷ್ಟೋ ಜನರಿಗೆ ಫುಟ್‌ಬಾಲ್‌ಗಿಂತ ಮೊದಲು ನೆನಪಾದದ್ದು ಈ ಪ್ರಶ್ನೆಯೇ.

‘ಉಂಗ್ವಾನಾ’ ಪದದ ಹಳೆಯ ಅರ್ಥ ಹುಡುಕಿ ನೋಡಿದೆ. ಸ್ವಾಹಿಲಿ ಕರಾವಳಿಯ ಪಟ್ಟಣಗಳಲ್ಲಿ ‘ವಾಉಂಗ್ವಾನಾ’ ಅಂದರೆ ಹುಟ್ಟಿನಿಂದಲೇ ಸ್ವತಂತ್ರರಾದವರು, ಮನೆತನಸ್ಥರು. ಅದರ ಎದುರು ಪದ ‘ವಾತುಮ್ವಾ’, ಗುಲಾಮರು. ಎಂಬೊಟೆಲಾ ಅದನ್ನು ಬೇಕೆಂದೇ ಆರಿಸಿದರು ಅಂತ ನಾನು ಹೇಳುವುದಿಲ್ಲ. ಈಗ ಅದು ಸುಮ್ನೆ ದಿನಬಳಕೆಯ ಮಾತು. ಆದರೂ ಫ್ರೇರ್ ಟೌನ್ ಮನೆತನದ ಮಗ ಇಡೀ ದೇಶವನ್ನು ‘ಇದು ಉಂಗ್ವಾನವಾ?’ ಅಂತ ಕೇಳುತ್ತಿದ್ದರು ಅನ್ನುವ ಸಾಲಿನ ಕೆಳಗೆ ನಾನು ಕೆಂಪು ಗೆರೆ ಎಳೆದಿದ್ದೇನೆ.