ಒಗೆಯುವ ಮೊದಲು ಒಳಮೈ ಓದಿ: ಹಳೆಯ ಸೈನಿಕ ಸಮವಸ್ತ್ರಗಳ ಗುರುತು ಮತ್ತು ಜೋಪಾನ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳ ತಗಡಿನ ಟ್ರಂಕಿನಲ್ಲಿ ಅಜ್ಜನ ಕಾಲದ ಪಲ್ಟನ್ ಅಂಗಿ ಸಿಕ್ಕರೆ ಮೊದಲು ಸೋಪಿನ ನೀರು ನೆನಪಾಗುತ್ತದೆ, ಆಮೇಲೆ ಹಿತ್ತಾಳೆ ಗುಂಡಿ ಉಜ್ಜುವ ಪಾಲಿಶ್. ದಯವಿಟ್ಟು ಎರಡನ್ನೂ ದೂರವಿಡಿ. ಸಮವಸ್ತ್ರ ಯಾವ ಕಾಲದ್ದು, ಯಾವ ದಳದ್ದು ಎಂದು ಹೇಳುವ ಸಾಕ್ಷ್ಯಗಳಲ್ಲಿ ಅರ್ಧದಷ್ಟು ಒಂದೇ ಒಗೆತದಲ್ಲಿ ಕಾಲುವೆ ಸೇರಬಹುದು.

ಮೊದಲು ಅಂಗಿಯನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿ. ಕತ್ತುಪಟ್ಟಿಯ ಕೆಳಗೆ, ಜೇಬಿನ ಒಳಗೆ, ಪ್ಯಾಂಟಿನ ಸೊಂಟಪಟ್ಟಿಯಲ್ಲಿ ಶಾಯಿ ಮುದ್ರೆಗಳಿರುತ್ತವೆ. ಬ್ರಿಟಿಷ್ ಸರ್ಕಾರದ ಆಸ್ತಿಗೆ ಮೂರು ಗೆರೆಯ ಬಾಣದ ಗುರುತು. ಅದರ ಜೊತೆ ಇಂಗ್ಲಿಷಿನ 'ಐ' ಅಕ್ಷರವಿದ್ದರೆ ಭಾರತದ ಸರಕು. ಎರಡು 'ಡಿ'ಗಳ ನಡುವೆ ಬಾಣವಿದ್ದರೆ ಆಸ್ಟ್ರೇಲಿಯಾದ್ದು, 'ಸಿ' ಒಳಗೆ ಇದ್ದರೆ ಕೆನಡಾದ್ದು. ಅದೇ ಜಾಗದಲ್ಲಿ ಕಪ್ಪು ಚುಕ್ಕೆ, ಗೆರೆ, ಅಂಕಿಗಳಿದ್ದರೆ ಅವು ಧೋಬಿ ಗುರುತಾಗಿರಬಹುದು. ನಮ್ಮ ಘಟ್ಟದ ಕಾಡಿನಲ್ಲೂ ಬೆಳೆಯುವ ಕರಿಗೇರಿನ ಕಾಯಿಯ ರಸದಿಂದ ಹಾಕಿದ ಈ ಗುರುತು ನೀರಿಗೆ ಹೋಗುವುದಿಲ್ಲ. ಅದನ್ನು ಕಲೆಯೆಂದುಕೊಂಡು ಬ್ಲೀಚ್ ಹಾಕಿದರೆ ಬಟ್ಟೆಯ ಎಳೆಯೇ ಸವೆದು ಹೋಗುತ್ತದೆ.

ಮುಂದಿನದು ಬಣ್ಣ. 1884ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆದ ಖನಿಜ ಖಾಕಿಯಲ್ಲಿ ಕಬ್ಬಿಣ ಮತ್ತು ಕ್ರೋಮಿಯಂ ಆಕ್ಸೈಡುಗಳು ಹತ್ತಿಯ ಎಳೆಯಲ್ಲೇ ಹುಟ್ಟಿ ಕೂರುತ್ತವೆ. ಅವು ನೀರಿನಲ್ಲಿ ಕರಗುವುದಿಲ್ಲ, ಬಿಸಿಲಿಗೂ ಸುಲಭಕ್ಕೆ ಮಾಸುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಾಳಗದ ಹೊತ್ತಿಗೆ ಕಾಡಿನಲ್ಲಿ ಖಾಕಿ ಎದ್ದು ಕಾಣತೊಡಗಿದಾಗ ಅನೇಕ ಖಾಕಿ ಅಂಗಿಗಳಿಗೆ ಹಸಿರು ಬಣ್ಣ ಅದ್ದಲಾಯಿತು. ಹಸಿರಂಗಿಯ ಹೊಲಿಗೆಯನ್ನು ಬೆರಳಿನಿಂದ ಮೆಲ್ಲಗೆ ಅಗಲಿಸಿ ನೋಡಿ: ಬಣ್ಣ ಪೂರ್ತಿ ಇಳಿಯದ ಸಂದಿನಲ್ಲಿ ಖಾಕಿ ಇಣುಕಿದರೆ ಅದು ಹಾಗೆ ಅದ್ದಿದ ಅಂಗಿ ಎನ್ನಲು ಒಳ್ಳೆಯ ಆಧಾರ.

ನಕಲು ಹೆಚ್ಚಾಗಿ ಸಿಕ್ಕಿಬೀಳುವುದು ದಾರದಲ್ಲಿ. ಒಳಹೊಲಿಗೆಯಲ್ಲಿ ತಾನಾಗಿ ಬಿಚ್ಚಿಕೊಂಡ ಒಂದು ಸೆಂಟಿಮೀಟರ್ ಎಳೆಯನ್ನು ಚಿಮಟದಲ್ಲಿ ಹಿಡಿದು, ಬಟ್ಟೆಯಿಂದ ದೂರ ಒಯ್ದು, ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದು ಬಣ್ಣದ ಮೆತ್ತನೆ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಉಂಡೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಮಾರುಕಟ್ಟೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಆದ್ದರಿಂದ 1944ರದು ಎಂದು ಮಾರುವ ಅಂಗಿಯ ಮೂಲ ಹೊಲಿಗೆಯಲ್ಲಿ ಅದು ಇರಲಾರದು. ತೇಪೆಯಲ್ಲಿ ಮಾತ್ರ ಇದ್ದರೆ ದುರಸ್ತಿ ಅಷ್ಟೆ. ಅತಿನೇರಳೆ ಟಾರ್ಚಿನಲ್ಲಿ ಬಟ್ಟೆ ನೀಲಿಯಾಗಿ ಹೊಳೆದರೆ ನಕಲೆಂದು ತೀರ್ಮಾನಿಸುವವರಿದ್ದಾರೆ. ಆ ಆತುರ ಬೇಡ. ಇಂದಿನ ಡಿಟರ್ಜೆಂಟಿನಲ್ಲಿ ಒಮ್ಮೆ ಒಗೆದ ಅಸಲಿ ಅಂಗಿಯೂ ಹಾಗೇ ಹೊಳೆಯುತ್ತದೆ.

ಗುಂಡಿಯನ್ನಷ್ಟೇ ನಂಬಿ ಕಾಲ ಹೇಳುವುದೂ ತಪ್ಪು. ಖಾಕಿ ಡ್ರಿಲ್ (ದಪ್ಪ ಹತ್ತಿಬಟ್ಟೆ) ಕೋಟುಗಳ ಹಿತ್ತಾಳೆ ಗುಂಡಿಗಳನ್ನು ಒಗೆಯುವಾಗ ತೆಗೆಯಲು ಬರುವಂತೆ ಹಿಂಬದಿಯಲ್ಲಿ ಸಣ್ಣ ಸುರುಳಿ ರಿಂಗು ಹಾಕಿ ಕೂರಿಸುತ್ತಿದ್ದರು. ಹಾಗಾಗಿ ಅದಲುಬದಲು ಸುಲಭ. ಗುಂಡಿ ಬಹುಕಾಲ ಅಲ್ಲೇ ಇದ್ದರೆ ರಂಧ್ರದ ಸುತ್ತ ಅದೇ ಅಳತೆಯ ಉಂಗುರದಂಥ ಗುರುತು ಬಟ್ಟೆಯ ಮೇಲೆ ಉಳಿದಿರುತ್ತದೆ, ಅದನ್ನು ಹುಡುಕಿ. ನೌಕಾಪಡೆಯ ಬಿಳಿ ಉಡುಪಿನ ಗುಂಡಿಯಲ್ಲಿ ಲಂಗರಿನ ಜೊತೆ ಕಿರೀಟವಿದ್ದರೆ 1950ರ ಜನವರಿ 26ಕ್ಕೂ ಹಿಂದಿನ ಮಾದರಿ, ಅಶೋಕನ ಸಿಂಹಗಳಿದ್ದರೆ ನಂತರದ್ದು. ಎರಡನೇ ಮಹಾಯುದ್ಧದ ಭಾರತೀಯ ಗುಂಡಿ ಎಂದು ತೋರಿಸಿದ್ದರಲ್ಲಿ ಕಿರೀಟದ ಕಮಾನು ನಡುವೆ ತಗ್ಗಿದ್ದರೆ ಅನುಮಾನಿಸಿ. ಆ ಯುದ್ಧದ ಕಾಲದ ಕಿರೀಟದ ಕಮಾನು ಗುಂಡಗೆ ಉಬ್ಬಿರುತ್ತದೆ. ನಡು ತಗ್ಗಿದ ಕಿರೀಟ ಎಲಿಜಬೆತ್ ರಾಣಿಯ ಕಾಲದ್ದು.

ಇನ್ನು ನಮ್ಮ ಕಡಲಗಾಳಿ. ಹಿತ್ತಾಳೆಯಲ್ಲಿನ ತಾಮ್ರಕ್ಕೆ ಉಪ್ಪು ಮತ್ತು ತೇವ ಸೇರಿದರೆ ಹಸಿರು ಕಿಲುಬು ಏಳುತ್ತದೆ, ಪಕ್ಕದ ಬಟ್ಟೆಯನ್ನೂ ತಿನ್ನುತ್ತದೆ. ಗುಂಡಿಯ ಕೆಳಗೆ ಪಾಲಿಯೆಸ್ಟರ್ ಹಾಳೆಯ ತುಂಡು ತೂರಿಸಿ ಬಿದಿರುಕಡ್ಡಿಯಿಂದ ಒಣಗಿದ್ದಂತೆಯೇ ಕೆರೆಯಿರಿ. ಪಾಲಿಶ್ ಹಾಕಿದರೆ ಉಬ್ಬು ಚಿತ್ರ ಸವೆಯುತ್ತದೆ, ಉಳಿದ ಬಿಳಿ ಪುಡಿ ಬಟ್ಟೆಗೆ ಅಂಟುತ್ತದೆ.

ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಷ್ಟಿಗೆ ದಾರಿ; ಮಳೆಗಾಲದ ಕಾರವಾರವಿರಲಿ, ಶಿರಸಿಯಿರಲಿ, ತಿಂಗಳುಗಟ್ಟಲೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಜೂನ್‌ಗೆ ಮೊದಲೇ, ಬಟ್ಟೆ ಚೆನ್ನಾಗಿ ಒಣಗಿರುವಾಗ, ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಮತ್ತು ಚಿಕ್ಕ ತೇವಾಂಶಮಾಪಕದೊಂದಿಗೆ ಇಡಿ. ಮಾಪಕ ಶೇ 50ರ ಆಸುಪಾಸು ತೋರಿಸಲಿ. ಮಡಿಕೆಯಲ್ಲೇ ಎಳೆ ಮುರಿಯುವುದರಿಂದ ಅಲ್ಲಿ ಗಂಜಿಯಿಲ್ಲದ, ತೊಳೆದ ಬಿಳಿ ಹತ್ತಿಬಟ್ಟೆಯ ಸುರುಳಿ ಇಡಿ. ಹೊಗೆಯಟ್ಟದಲ್ಲಿ ಹುಳ ಕಡಿಮೆ, ನಿಜ. ಆದರೆ ಮಸಿ ಎಳೆಗಿಳಿದರೆ ಹೊರಬರದು. ಉಣ್ಣೆಗೆ ಹುಳ ಬಿದ್ದಿದ್ದರೆ ನುಸಿಗುಳಿಗೆ ಹಾಕಬೇಡಿ, ಅದು ಕೆಲವು ಪ್ಲಾಸ್ಟಿಕ್ ಗುಂಡಿಗಳನ್ನು ಮೆತ್ತಗಾಗಿಸುತ್ತದೆ. ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನೀರು ಹನಿಗಟ್ಟುತ್ತದೆ.

ನೂರು ವರ್ಷ ದಾಟಿದ ಸಮವಸ್ತ್ರಕ್ಕೆ 1972ರ ಪುರಾವಸ್ತು ಕಾಯ್ದೆ ಅನ್ವಯವಾಗಬಹುದು. ಅಂಥದ್ದನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ಇಂದಿನ ಸೇನೆಯ ಉಡುಪು ತೊಟ್ಟು ಸೈನಿಕನೆಂದು ನಂಬಿಸುವುದು ಅಪರಾಧ. ಯಾರು ತೊಟ್ಟಿದ್ದು, ಯಾವ ಊರಿನ ಯಾವ ಮನೆಯಿಂದ ಬಂದಿತು ಎಂಬುದನ್ನು ಸೀಸದಕಡ್ಡಿಯಲ್ಲಿ ಹತ್ತಿಯ ಪಟ್ಟಿಯ ಮೇಲೆ ಬರೆದು, ಸಡಿಲವಾಗಿ ಎರಡೇ ಹೊಲಿಗೆ ಹಾಕಿ ಅಂಗಿಯ ಒಳಮೈಗೆ ಸೇರಿಸಿ. ಬಾಲ್‌ಪೆನ್ನು ಬೇಡ, ಅದರ ಶಾಯಿ ಮಳೆಗಾಲದಲ್ಲಿ ಬಟ್ಟೆಗೆ ಹರಡುತ್ತದೆ.